ಬ್ರಷ್ಷಿನ ನೀಲಿ ಎಳೆ

...ಥೂ. ಹ್ಞಾಂ, ಈಗ ಹೇಳು ಮಿರ್ಕೊ. ಬಾಯಿ ತುಂಬ ನೊರೆ ಇಟ್ಕೊಂಡು ಹೆಂಗಯ್ಯಾ ಮಾತಾಡ್ಲಿ ನಾನು? ಎರಡು ನಿಮಿಷ ಉಜ್ಜಬೇಕಂತೆ, ಮಧ್ಯದಲ್ಲಿ ಬಿಡೋ ಹಾಗಿಲ್ಲ. ಏನು, ಹೇಳೋದೇನೂ ಇಲ್ವಾ? ಬೆಳಿಗ್ಗೆ ಬೆಳಿಗ್ಗೆ ಗುಡ್ಡ ಹತ್ಕೊಂಡು ಬಂದು, ಬಾಗಿಲೂ ತಟ್ಟದೆ ನನ್ನ ಗುಹೆಮನೆ ಒಳಗೆ ನುಗ್ಗಿ, ಹೇಳೋದೇನೂ ಇಲ್ಲ. ಸರಿ, ಕೂತ್ಕೋ. ಆ ಕುರ್ಚಿ ಬೇಡ, ಕಾಲು ಅಲ್ಲಾಡತ್ತೆ. ಹ್ಞೂಂ, ಅದ್ರಲ್ಲೇ ಕೂತೆ. ಇಷ್ಟು ವರ್ಷ ಒಂದೇ ಗಣಿ ಬಾವಿಗೆ ಇಳಿದು ಓಪಲ್ ರತ್ನ ಅಗೆದಿದ್ದೀವಿ, ಒಂದು ದಿನವಾದ್ರೂ ಈ ಲೆಫ್ಟೆರಿಸ್ ಹೇಳಿದ ಮಾತು ಕೇಳಿದ್ದೀಯಾ ನೀನು?

ಮತ್ತೆ ಬಾಗಿಲಲ್ಲಿ ಆ ಚೀಲ ಏನು? ಬಟ್ಟೆ ಒಗೆಯೋಕೆ ತಂದ್ಯಾ? ನಿನ್ನ ಮೆಷಿನ್ ಮತ್ತೆ ಕೆಟ್ಟೋಯ್ತಾ? ಇರಲಿ ಬಿಡು, ಒಗೆದುಕೊಳ್ಳೋಣ. ನೀರು ಮಾತ್ರ ನೀನೇ ತರ್ಬೇಕು. ನನ್ನ ತೊಟ್ಟಿಯಲ್ಲಿರೋದು ಹಲ್ಲುಜ್ಜೋಕೆ ಅಂತ ಎತ್ತಿಟ್ಟಿರೋದು.

ಯಾಕೆ ನಗ್ತೀಯ? ಬ್ರಷ್ ನೋಡಿ ನಗ್ತಿದ್ದೀಯಾ? ನಗು, ನಗು. ನಾನೂ ನಕ್ಕಿದ್ದೆ. ಆ ಹಲ್ಲಿನ ಲಾರಿ ಬಂದು ಆಸ್ಪತ್ರೆ ಪಕ್ಕ ನಿಂತಾಗ ನಾನೇ ನಿನಗೆ ಹೇಳಿರ್ಲಿಲ್ವಾ, ಈ ಮರಳುಗಾಡಿನ ಕೂಬರ್ ಪೀಡಿಗೆ ಹಲ್ಲಿನ ಡಾಕ್ಟರು ಬಂದ್ರೆ ಇಲ್ಲಿ ಹಲ್ಲು ಯಾರಿಗಿದೆ ಅಂತ? ಆದ್ರೂ ಹೋದೆ. ಬಿಟ್ಟಿ ಅಂದ್ರಲ್ಲ, ಹೋದೆ. ಒಳಗೆ ಡಾಕ್ಟರು ಅಂತ ಒಂದು ಚಿಕ್ಕ ವಯಸ್ಸಿನ ಹುಡುಗಿ. ನಾನು ಮದುವೆ ಉಳಿಸ್ಕೊಂಡಿದ್ದಿದ್ರೆ ನನಗೆ ಅಂಥ ಮೊಮ್ಮಗಳಿರ್ತಿದ್ಳು. ಬಾಯಿ ತೆಗೀರಿ ಅಂದ್ಳು, ತೆಗೆದೆ. ಅವಳು ಬಗ್ಗಿ ಇಣುಕಿ ನೋಡಿದ್ಳು. ಆಮೇಲೆ ಮೆಲ್ಲಗೆ ಕೇಳಿದ್ಳು, ಬ್ರಷ್ ತಂದಿದ್ದೀರಾ ತಾತ ಅಂತ. ತಂದಿದ್ದೆ, ಅಂಗಿ ಜೇಬಲ್ಲಿ ಇತ್ತು. ತಂಬಾಕು ಜೊತೆ. ಅವಳು ಅದನ್ನ ಇಕ್ಕಳದಲ್ಲಿ ಹಿಡಿದು ಎತ್ತಿದ್ಳು ಕಣೋ. ಇಕ್ಕಳದಲ್ಲಿ. ದೀಪದ ಕೆಳಗೆ ಹಿಡಿದು ಈ ಕಡೆ ತಿರುಗಿಸಿ, ಆ ಕಡೆ ತಿರುಗಿಸಿ, ಇದರಲ್ಲಿ ನೀವು ಬೂಟು ಉಜ್ಜೋದು ತಾನೇ ಅಂದ್ಳು. ನಾನು ಹೌದು ಅಂದುಬಿಟ್ಟೆ. ಮರ್ಯಾದೆ ಪ್ರಶ್ನೆ.

ಅವತ್ತು ಕಲ್ತಿದ್ದು ನಾನು. ಕೇಳಿಸ್ಕೋ, ನಿನಗೂ ಉಪಯೋಗಕ್ಕೆ ಬರತ್ತೆ. ಮೂರು ತಿಂಗಳಿಗೊಂದ್ಸಲ ಬ್ರಷ್ ಬದಲಾಯಿಸ್ಬೇಕು. ಅಷ್ಟರೊಳಗೆ ಕೂದಲು ಕೆದರಿಕೊಂಡ್ರೆ ಆಗಲೇ ಬದಲಾಯಿಸ್ಬೇಕು. ಜ್ವರ ಗಿರ ಬಂದ್ರೆ ಹುಷಾರಾದ ಮೇಲೆ ಹೊಸದು. ಉಜ್ಜಿ ಆದ್ಮೇಲೆ ಚೆನ್ನಾಗಿ ತೊಳೆದು ಒದರಿ, ತಲೆ ಮೇಲೆ ಮಾಡಿ ನಿಲ್ಲಿಸ್ಬೇಕು. ನಾನಂದೆ, ಡಾಕ್ಟರಮ್ಮ, ನಮ್ಮೂರಲ್ಲಿ ಧೂಳು ಜಾಸ್ತಿ, ಹಾಸಿಗೆಯಲ್ಲೂ ಧೂಳು, ಸಾರಲ್ಲೂ ಧೂಳು, ಬ್ರಷ್ಷಿಗೊಂದು ಮುಚ್ಚಳ ಹಾಕ್ತೀನಿ ಅಂತ. ಬೇಡ್ವಂತೆ! ಮುಚ್ಚಿಟ್ರೆ ಒದ್ದೆ ಆರಲ್ಲ, ಒಳಗೆ ಕ್ರಿಮಿಗಳು ಸಂಸಾರ ಹೂಡ್ತವಂತೆ. ಗಾಳಿ ಆಡ್ಬೇಕು. ಇನ್ನೊಬ್ಬರ ಬ್ರಷ್ಷಿಗೆ ತಾಗಬಾರದು. ಗಂಡ ಹೆಂಡ್ತಿ ಬ್ರಷ್ ಕೂಡ ಒಂದಕ್ಕೊಂದು ತಾಗಬಾರದಂತೆ. ನಮ್ಮನೆಯಲ್ಲಿ ಗಂಡ ಹೆಂಡ್ತಿನೇ ತಾಗ್ತಿರ್ಲಿಲ್ಲ, ಇನ್ನು ಬ್ರಷ್ಷೆಲ್ಲಿ ಅಂದೆ. ನಕ್ಕಳು ಪಾಪ.

ನಿನ್ನ ವಿಷಯನೂ ಹೇಳಿದೆ ಅವಳಿಗೆ. ಸಿಟ್ಟಾಗ್ಬೇಡ. ನಿನಗೆ ಇನ್ನೂ ಸ್ವಂತ ಹಲ್ಲಿದ್ದ ಕಾಲದಲ್ಲಿ, ಆ ಇಟಲಿಯವನ ಮದುವೆ ರಾತ್ರಿ ಕುಡಿದು ಬಂದು, ಬಕೆಟ್‌ನಲ್ಲಿದ್ದ ಕಲ್ಲು ತೊಳೆಯೋ ಬ್ರಷ್ ತಗೊಂಡು ಹಲ್ಲುಜ್ಜಿದ್ಯಲ್ಲ. ಮಾರನೇ ದಿನ ಪೂರ್ತಿ ಬಾಯಲ್ಲಿ ಮರಳು ಅಗೀತಾ ಇದ್ದೆ, ರೊಟ್ಟಿ ಚೆನ್ನಾಗಿಲ್ಲ ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಿದ್ದೆ. ಅದನ್ನೆಲ್ಲ ಹೇಳಿದೆ. ಈಗ ಅವನಿಗೆ ಮೇಲೂ ಕಟ್ಟಿಸಿದ ಹಲ್ಲು, ಕೆಳಗೂ ಕಟ್ಟಿಸಿದ ಹಲ್ಲು, ಬಾವಿಗೆ ಇಳಿಯೋವಾಗ ಧೂಳು ಸೇರತ್ತೆ ಅಂತ ತೆಗೆದು ಲೋಟದಲ್ಲಿ ಹಾಕಿ ಗಾಡಿ ಸೀಟಿನ ಮೇಲೆ ಇಟ್ಟು ಹೋಗ್ತಾನೆ, ಒಂದ್ಸಲ ಪೊಲೀಸಿನವನು ನೋಡಿ ಹೆದರಿದ್ದ ಅಂತಾನೂ ಹೇಳಿದೆ. ಕಟ್ಟಿಸಿದ ಹಲ್ಲಿಗೂ ಬ್ರಷ್ ಬೇಕೇ ಬೇಕು ಅಂದ್ಳು. ಮೆತ್ತನೇದು. ನೀನು ಬರೀ ಬೆರಳಲ್ಲಿ ಉಜ್ಜಿ ಹಾಕ್ಕೋತೀಯ ಅಂತ ನನಗೆ ಗೊತ್ತು. ಅದನ್ನ ಮಾತ್ರ ಹೇಳ್ಲಿಲ್ಲ, ನಿನ್ನ ಮಾನ ಉಳಿಸಿದೆ.

ಕಾಫಿ ಇಡ್ಲಾ? ನಿನ್ನ ಕ್ರೊಯೇಷಿಯಾ ಕಾಫಿ ಅಲ್ಲ, ನಮ್ಮ ಗ್ರೀಕ್ ಕಾಫಿ. ಎರಡೂ ಒಂದೇ ಅಂತ ಹೇಳೋಕೆ ಹೋಗ್ಬೇಡ, ಆ ಜಗಳ ಮುಗಿಸೋಕೆ ಇವತ್ತು ನನಗೆ ಪುರಸೊತ್ತಿಲ್ಲ. ಹಲ್ಲುಜ್ಜಿದ ಮೇಲೆ ತಕ್ಷಣ ಕಾಫಿ ಕುಡಿದ್ರೆ ರುಚಿನೇ ಗೊತ್ತಾಗಲ್ಲ, ಅದೊಂದು ಶಿಕ್ಷೆ. ಆದ್ರೂ ಕುಡಿಯೋಣ.

ಬೇಡ್ವಾ? ಕಾಫಿ ಬೇಡ್ವಾ ನಿನಗೆ? ಹುಷಾರಿಲ್ವಾ?

...ಯಾಕೋ, ಆ ಜಾಡಿನೇ ನೋಡ್ತಾ ಕೂತೆ? ಬ್ರಷ್ ನಿಲ್ಲಿಸಿದ್ದೀನಿ ಅಷ್ಟೇ. ನೆಟ್ಟಗೆ ನಿಲ್ಲಿಸೋಕೆ ಸರಿಯಾದ ಲೋಟ ಇರ್ಲಿಲ್ಲ, ಇದು ಉದ್ದಕ್ಕಿದೆ, ಗಾಜಿಂದು, ಗಾಳಿ ಆಡತ್ತೆ. ಹೌದು, ಅದೇ ಜಾಡಿ. ನಾನು ಓಪಲ್ ಹಾಕಿಡ್ತಿದ್ದ ಜಾಡಿನೇ. ಅದ್ರಲ್ಲಿದ್ದ ಓಪಲ್‌ಗಳಾ? ಬೇರೆ ಕಡೆ ಇಟ್ಟಿದ್ದೀನಿ. ಭದ್ರವಾಗಿ. ಜಾಡಿಯಲ್ಲಿ ನೀರು ಹಾಕಿ ಕಿಟಕಿ ಹತ್ರ ಇಟ್ರೆ ಬಂದವರೆಲ್ಲ ಮುಟ್ಟೋದು, ಎತ್ತಿ ನೋಡೋದು, ಲೆಫ್ಟೆರಿಸ್ ಈ ಕಲ್ಲು ಮಾರಿ ಯಾವಾಗ ಅಡಿಲೇಡಿಗೆ ಹೋಗಿ ಹಲ್ಲು ಕಟ್ಟಿಸ್ಕೋತೀಯ ಅನ್ನೋದು. ಊರಿಗೆಲ್ಲ ನನ್ನ ಹಲ್ಲಿನ ಚಿಂತೆ. ಒಳ್ಳೇ ವರ್ಷಗಳಲ್ಲಿ ಒಂದೊಂದೇ ಒಳ್ಳೇ ಕಲ್ಲು ತೆಗೆದಿಟ್ಟು ನಾನೇ ಮಾಡ್ಕೊಂಡ ಜಾಡಿ, ನಾನೇ ಎಲ್ಲಿಗಾದ್ರೂ ಎತ್ತಿಡ್ತೀನಿ. ಮತ್ತೆ ಈಗ ಹೊಸ ಹಲ್ಲೂ ಬೇಕಾಗಿಲ್ಲ. ಇರೋದನ್ನ ಸರಿಯಾಗಿ ಉಜ್ಜಿದ್ರೆ ಸಾಯೋವರೆಗೂ ಬರತ್ತೆ ಅಂದಿದ್ದಾಳೆ. ಹಾಗಂತಾನೇ ಹೇಳ್ಲಿಲ್ಲ, ಒಟ್ಟಾರೆ ಅರ್ಥ ಅದೇ.

ಹಾಗೆ ನೋಡ್ಬೇಡ ಮಿರ್ಕೊ. ಬೆಳಿಗ್ಗೆ ಹೊತ್ತು ಹಾಗೆ ನೋಡಿದ್ರೆ ನನಗೆ ಆಗಲ್ಲ.

ಓ, ಆ ಕಲ್ಲೂ ತಂದಿದ್ದೀಯ. ಮಂಗಳವಾರದ ಕಲ್ಲು. ಮೇಜಿನ ಮೇಲೆ ಇಡು, ಇಡು, ಬೀಳಿಸ್ಬೇಡ. ಆಹಾ, ನೋಡು. ಇನ್ನೂ ಮಣ್ಣೂ ತೊಳೆದಿಲ್ಲ, ಆಗಲೇ ಹೇಗೆ ಹೊಳೀತಿದೆ. ಇದನ್ನ ನೋಡಿದ್ರೆ ಸಾಕು ನನಗೆ, ಅವತ್ತಿಂದ ನೆನಪು ಮಾಡ್ಕೊಂಡು ಮಾಡ್ಕೊಂಡು ನಗ್ತಿದ್ದೀನಿ. ಜೇಬಲ್ಲಿ ಬಸ್ ಟಿಕೆಟ್ಟು, ಸಮುದ್ರದ ಪಕ್ಕ ಪೋರ್ಟ್ ಲಿಂಕನ್‌ನಲ್ಲಿ ನಿನ್ನ ತಮ್ಮ ದಿಂಕೊ ನಿನಗೋಸ್ಕರ ಕೋಣೆಗೆ ಸುಣ್ಣ ಹೊಡೆಸಿ ಕಾಯ್ತಿದ್ದಾನೆ, ನೀನು ಬಾವಿ ಕೆಳಗೆ ಪಿಕಾಸಿ ಇಟ್ಟು, ಗೋಡೆಗೆ ಕೈ ಮುಟ್ಟಿಸಿ, ಹೋಗಿ ಬರ್ತೀನಿ ಅಂದೆ. ಗೋಡೆಗೆ! ಕಲ್ಲಿಗೆ ಹೇಳಿ ಹೋಗೋ ಗಿರಾಕಿ ನೀನು, ನನಗೆ ಹೇಳ್ಲಿಲ್ಲ. ಆಗ ನಾನಂದೆ, ಆ ಮೂಲೆ ಒಂದ್ಸಲ ಕೆರೆದು ನೋಡೋ, ಹೋಗೋನು ಹೇಗೂ ಹೋಗ್ತೀಯ. ಕೆರೆದೆ. ಬಂತು. ಹಸಿರು, ಕೆಂಪು, ನಡುವೆ ಒಂದು ಚೂರು ಕಿತ್ತಳೆ. ನೀನು ಕಿತ್ತು, ಬಣ್ಣ ಕಾಣ್ಲಿ ಅಂತ ನಾಲಗೆಯಲ್ಲಿ ನೆಕ್ಕಿ, ದೀಪಕ್ಕೆ ಹಿಡಿದೆ. ನಾನು ಅಲ್ಲೇ ಕುಣಿದೆ, ತಲೆ ಮೇಲಿನ ಬಂಡೆಗೆ ಹೊಡೀತು, ನೋಡು ಇನ್ನೂ ಗಾಯ ಇದೆ. ನೀನು ಮಾತ್ರ ಸುಮ್ಮನೆ ನಿಂತಿದ್ದೆ. ಸಂತೋಷಕ್ಕೆ ಬಾಯಿ ಕಟ್ಟಿಹೋಯ್ತು ಅಂದ್ಕೊಂಡೆ. ಟಿಕೆಟ್ ವಾಪಸ್ ಮಾಡಿದೆ ಅಂತ ಸಂಜೆ ನೀನು ಹೇಳಿದಾಗ... ನನಗೇನೂ ಅನ್ನಿಸ್ಲಿಲ್ಲ. ನಿನ್ನಿಷ್ಟ. ನಿನ್ನನ್ನ ಯಾರು ಹಿಡ್ಕೊಂಡಿದ್ದಾರೆ ಇಲ್ಲಿ? ನಾನಂತೂ ಹಿಡ್ಕೊಂಡಿಲ್ಲ.

ಏನು? ಭೂತಗನ್ನಡಿ ಯಾಕೆ? ನನಗೆ ಕಣ್ಣು ಚೆನ್ನಾಗೇ ಕಾಣತ್ತೆ. ಸರಿ, ಕೊಡು. ಎಲ್ಲಿ? ಈ ಬಿರುಕಲ್ಲಾ? ಮಣ್ಣಿದೆ. ಬಿಳೀ ಮಣ್ಣು. ಆಮೇಲೆ... ನೀಲಿ. ಓಪಲ್ ಅಂದ್ಮೇಲೆ ನೀಲಿ ಬಣ್ಣ ಇರಲ್ವೇನೋ? ಅದಕ್ಕೇ ತಾನೇ ಜನ ಪ್ರಾಣ ಬಿಡೋದು. ...ನೆಟ್ಟಗೆ ನಿಂತಿದೆ ಅಂತೀಯಾ. ನಿಂತಿರ್ಲಿ. ಏ, ಎಳೀಬೇಡ. ಕಲ್ಲು ಒಡೆಯತ್ತೆ. ಎಳೀಬೇಡ ಅಂದ್ನಲ್ಲ...

ಎಳೆದೆ.

ಹ್ಞೂಂ. ಕೂದಲು. ನೋಡಿದೆ. ಬ್ರಷ್ಷಿನ ಕೂದಲು. ನೀಲಿ. ಅದಕ್ಕೇನೀಗ? ಈ ಅಗ್ಗದ ಬ್ರಷ್ಷೆಲ್ಲ ಹೀಗೇ, ಒಂದು ವಾರಕ್ಕೇ ಕೂದಲು ಉದುರಿಸ್ತವೆ. ಅದಕ್ಕೇ ಹೇಳೋದು ಬದಲಾಯಿಸ್ಬೇಕು ಅಂತ. ಇಲ್ಲಿ ತೊಳೆಯೋವಾಗ ಸಿಕ್ಕಿಕೊಂಡಿರತ್ತೆ... ತೊಳೆದಿಲ್ಲ. ಹೌದು, ತೊಳೆದಿಲ್ಲ, ಈಗ ತಾನೇ ನಾನೇ ಅಂದೆ. ನೀನು ಕಿತ್ತ ಕೈಯಲ್ಲೇ ಕರವಸ್ತ್ರದಲ್ಲಿ ಸುತ್ತಿಟ್ಟೆ. ಹಾಗಾದ್ರೆ ಗಾಳಿಗೆ ಬಂದಿರತ್ತೆ. ಧೂಳು ಎಳೆಯೋ ಆ ಬ್ಲೋವರ್ ಏನೇನು ಹಾರಿಸಲ್ಲ? ಹಿಂದಿನ ವರ್ಷ ಒಂದು ಕೋಳಿ ಪುಕ್ಕ ಬಂದಿತ್ತು ಕೆಳಗೆ, ನೆನಪಿದ್ಯಾ? ...ಪುಕ್ಕ ಬಂಡೆ ಒಳಗೆ ಹೋಗಿರ್ಲಿಲ್ಲ, ನಿಜ.

ತಡಿ. ನೀನು ನೆಕ್ಕಿದೆ! ನೆಕ್ಕಿದ್ಯೋ ಇಲ್ವೋ? ಅಲ್ಲೇ ಇದೆ ಉತ್ತರ. ನಿನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಕೂದಲು, ನೆಕ್ಕುವಾಗ ಬಿರುಕಿಗೆ ಹೋಗಿದೆ. ಹಳೇ ಬ್ರಷ್ ಇಟ್ಕೊಂಡ್ರೆ ಆಗೋದೇ ಇದು ಅಂತ ಎಷ್ಟು ಸಲ ಬಡ್ಕೋಬೇಕು ನಾನು, ಬಾಯೊಳಗೇ ಕೂದಲು ಉದುರತ್ತೆ, ಸಂದಿ ಸಂದಿಯಲ್ಲಿ ಕೂತ್ಕೊಳತ್ತೆ...

ಹಲ್ಲು ಯಾಕೆ ತೆಗೀತಿದ್ದೀಯ?

ಮೇಜಿನ ಮೇಲೆ ಇಡ್ಬೇಡ್ವೋ, ಊಟ ಮಾಡೋ ಜಾಗ ಅದು.

...ಓ.

ಅವತ್ತು ಕೆಳಗೆ ನಿನ್ನ ಬಾಯಲ್ಲಿ ಹಲ್ಲೇ ಇರ್ಲಿಲ್ಲ. ಲೋಟದಲ್ಲಿದ್ವು. ಗಾಡಿ ಸೀಟಿನ ಮೇಲೆ. ಮತ್ತೆ ನಿನ್ನ ಹತ್ರ ಬ್ರಷ್ಷೂ ಇಲ್ಲ. ನಾನೇ ಹೇಳಿದೆ ಅದನ್ನೂ. ನನ್ನ ಬಾಯಿಗೆ ಹಲ್ಲಿಗಿಂತ ಮೊದಲು ಬೀಗ ಬೇಕು.

ಏನಾದ್ರೂ ಅನ್ನೋ ಮಾರಾಯ. ಬೈಯಿ. ನಿನ್ನ ಭಾಷೆಯಲ್ಲೇ ಬೈಯಿ, ಅದ್ರಲ್ಲಿ ಬೈಗುಳ ಚೆನ್ನಾಗಿವೆ. ಸುಮ್ಮನೆ ಮಾತ್ರ ಕೂತ್ಕೋಬೇಡ.

ಸರಿ. ಜಾಡಿಯಿಂದ ತೆಗೆದು ನಾನೇ ಹೂತಿಟ್ಟಿದ್ದು ಆ ಕಲ್ಲನ್ನ. ಸೋಮವಾರ ನೀನು ಟಿಕೆಟ್ ತರೋಕೆ ಪೇಟೆಗೆ ಹೋದ್ಯಲ್ಲ, ಆಗ. ಒಬ್ಬನೇ ಇಳಿದೆ. ಹ್ಞೂಂ, ಒಬ್ಬನೇ, ಆ ಏಣಿಯಲ್ಲಿ, ಮೇಲೆ ಯಾರೂ ಇಲ್ದೆ. ಬಿದ್ದಿದ್ರೆ ನೀನು ಬಸ್ಸಲ್ಲಿ ಕೂತ್ಕೊಂಡು ಸಮುದ್ರ ನೋಡೋಕೆ ಹೋಗ್ತಿದ್ದೆ, ನಾನು ಅಲ್ಲೇ ಒಣಗ್ತಿದ್ದೆ. ಗೋಡೆಯಲ್ಲಿ ಗೂಡು ಕೊರೆದು, ಕಲ್ಲಿಟ್ಟು, ಮಣ್ಣು ಕಲಸಿ ಮೆತ್ತಿದೆ. ಮೇಲೆ ನುಣ್ಣಗೆ ಬಳಿಯೋಕೆ ಬ್ರಷ್ ಬೇಕಿತ್ತು. ಬಕೆಟ್‌ನಲ್ಲಿ ಕಲ್ಲಿನ ಬ್ರಷ್ ಒಂದೂ ಇಲ್ಲ. ಹಳೇದೆಲ್ಲ ಎಸೀರಿ ಅಂದಿದ್ಳಲ್ಲ ಆ ಹುಡುಗಿ, ಮನೆಗೆ ಬಂದ ದಿನವೇ ಕಂಡಿದ್ದೆಲ್ಲ ಎಸೆದುಬಿಟ್ಟಿದ್ದೆ, ಬಾಯಿದು ಯಾವುದು, ಕಲ್ಲಿಂದು ಯಾವುದು ಅಂತಾನೂ ನೋಡ್ದೆ. ಜೇಬಲ್ಲಿದ್ದಿದ್ದು ಹೊಸದೊಂದೇ. ಅದ್ರಲ್ಲೇ ಬಳಿದೆ. ಎಷ್ಟು ಚೆನ್ನಾಗಿ ಬಳಿದಿದ್ದೆ ಗೊತ್ತಾ? ನೀನು ಕೂಡ ಗುರುತು ಹಿಡೀಲಿಲ್ಲ.

ಯಾಕೆ ತಲೆ ಅಲ್ಲಾಡಿಸ್ತೀಯ? ಹಿಡಿದಿದ್ಯಾ?

ಆ ಬ್ರಷ್ಷಾ? ಇಲ್ಲಪ್ಪ, ಆಮೇಲೆ ಅದನ್ನ ಬಾಯಿಗೆ ಹಾಕ್ಲಿಲ್ಲ. ಇದು ಬೇರೆ. ಅಷ್ಟು ಶುಚಿತ್ವ ಇದೆ ನನಗೆ.

...ಏನು ಹುಡುಕ್ತಿದ್ದೀಯ ಜೇಬಲ್ಲಿ? ತಂಬಾಕಿನ ಡಬ್ಬಿ? ನೀನು ಸೇದೋದು ಬಿಟ್ಟು ಯಾವ ಕಾಲವಾಯ್ತು. ಒಳಗೇನೋ ಗಲಗಲ ಅಂತಿದೆ. ನಾನು ತೆಗೀಬೇಕಾ? ಸರಿ.

ಇದು...

ಇದು ಬ್ಲೋವರ್ ಕೆಟ್ಟು ಕೂತ ವರ್ಷ ನೀನು ಕಿತ್ತ ಕಲ್ಲು. ಇದು ನಿನ್ನ ಮಂಡಿ ಕೊಯ್ದ ಮೇಲೆ, ಸಾಕು ಇನ್ನು ಹೋಗ್ತೀನಿ ಅಂತ ಕೂತಾಗ ಸಿಕ್ಕಿದ್ದು. ಇವನ್ನ ಮಾರಿದೆ ಅಂದಿದ್ಯಲ್ಲೋ. ಹಾಂಗ್‌ಕಾಂಗಿನಿಂದ ಬರೋ ಆ ವ್ಯಾಪಾರಿಗೆ ಮಾರಿದೆ ಅಂತ ಹೇಳಿ ನನ್ನ ಅರ್ಧ ಪಾಲು ತಂದು ಕೈಗೆ ಇಟ್ಟಿದ್ದೆ. ಮಾರದೇ ಇದ್ರೆ ಆ ದುಡ್ಡು ಎಲ್ಲಿಂದ ಬಂತು? ನಿನ್ನ ಪಿಂಚಣಿದಾ? ಮಿರ್ಕೊ, ನನ್ನ ಕಡೆ ನೋಡು. ನಿನ್ನ ಪಿಂಚಣಿ ದುಡ್ಡಾ ಅದು? ಅದ್ರಲ್ಲಿ ನಾನು ನಿನ್ನ ಹುಟ್ಟುಹಬ್ಬಕ್ಕೆ ಇಡೀ ಕುರಿ ಸುಟ್ಟು ಊರನ್ನೆಲ್ಲ ಕರೆದಿದ್ದೆ. ನಿನ್ನ ದುಡ್ಡಲ್ಲೇ ನಿನಗೆ ಔತಣ ಕೊಟ್ಟು, ಎಷ್ಟು ದೊಡ್ಡ ಮನಸ್ಸು ನನ್ನದು ಅಂತ ನಿನ್ನ ಕೈಲೇ ಭಾಷಣ ಮಾಡಿಸಿದ್ದೆ!

ನಗ್ಬೇಡ. ಬೊಚ್ಚು ಬಾಯಲ್ಲಿ ನಗ್ಬೇಡ, ನನಗೂ ನಗು ಬರತ್ತೆ.

ಅಂದ್ರೆ ನಾನು ಮೊದಲನೇ ಸಲ ಹೂತಾಗಲೇ ನಿನಗೆ ಗೊತ್ತಾಗಿತ್ತು. ಇನ್ನೇನು ಗೊತ್ತಾಗದೆ ಇರತ್ತಾ, ದಿನಾ ಇದೇ ಕುರ್ಚಿಯಲ್ಲಿ ಕೂತು ಇದೇ ಜಾಡಿ ನೋಡ್ತಾ ಕಾಫಿ ಕುಡಿದೋನು ನೀನು. ಒಂದೊಂದು ಕಲ್ಲಿನ ಮುಖಾನೂ ಪರಿಚಯ ನಿನಗೆ. ನಾನೊಬ್ಬ ಪೆದ್ದ, ಜಾಡಿ ಕಲ್ಲನ್ನ ಮುರಿದು ಅರ್ಧ ಮಾಡಿ ಹೂತ್ರೆ ತಿಳಿಯಲ್ಲ ಅಂದ್ಕೊಂಡಿದ್ದೆ. ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ? ಗೋಡೆಯಲ್ಲಿ ಏನೂ ಇಲ್ಲ, ಎಲ್ಲ ಲೆಫ್ಟೆರಿಸ್ ಹಲ್ಲಿಗೆ ಅಂತ ಕೂಡಿಟ್ಟ ಕಲ್ಲು ಅಂತ ಗೊತ್ತಿದ್ದೂ ಯಾಕೆ ಉಳ್ಕೊಂಡೆ? ಮಂಡಿ ನೋವು ಇಟ್ಕೊಂಡು ಆ ಏಣಿ ಹತ್ತಿ ಇಳಿದು...

ಯಾಕೆ ಅಂತ ಕೇಳ್ದೆ, ಮಿರ್ಕೊ.

...

ಹ್ಞೂಂ. ನಾನೂ ಅದಕ್ಕೇ ಹೂತಿದ್ದು.

ನೀನು ಹೋದ್ರೆ ಈ ಊರಲ್ಲಿ ನನ್ನ ಜೊತೆ ಕೂತು ಸುಮ್ಮನಿರೋರು ಯಾರೂ ಇಲ್ಲ. ಮಾತಾಡೋಕೆ ಬೇಕಾದಷ್ಟು ಜನ ಸಿಗ್ತಾರೆ. ಆಯ್ತಾ, ಹೇಳಿದೆ. ಇಷ್ಟು ಹೇಳೋಕೆ ಒಂದು ಜಾಡಿ ಕಲ್ಲು ಖರ್ಚಾಯ್ತು ನನಗೆ.

ಡಬ್ಬಿ ನನ್ನ ಕಡೆ ಯಾಕೆ ತಳ್ತೀಯ? ನನ್ನ ಹಲ್ಲಿನ ಕಡೆ ಬೆರಳು ತೋರಿಸ್ಬೇಡ, ಅರ್ಥ ಆಯ್ತು. ಇದನ್ನ ಮಾರಿ ಹಲ್ಲು ಕಟ್ಟಿಸ್ಕೋ ಅಂತೀಯ. ಈ ಮಂಗಳವಾರದ್ದೂ ಸೇರಿಸಿ ವಾಪಸ್ ಕೊಡ್ತಿದ್ದೀಯ. ಅಂದ್ರೆ... ಬಾಗಿಲಲ್ಲಿರೋ ಚೀಲ ಬಟ್ಟೆ ಒಗೆಯೋದಲ್ಲ. ಟಿಕೆಟ್ ವಾಪಸ್ ಮಾಡ್ಲೇ ಇಲ್ಲ ನೀನು, ದಿನ ಮುಂದಕ್ಕೆ ಹಾಕಿಸ್ದೆ ಅಷ್ಟೇ. ನೀನು ಬಂದ ತಕ್ಷಣವೇ ನಾನು ನೋಡಿದ್ದೆ ಕಣೋ ಚೀಲ. ಆ ಹಗ್ಗ ಕಟ್ಟಿರೋ ರೀತಿ ನೋಡಿದ್ರೇ ಗೊತ್ತಾಗತ್ತೆ, ಬಟ್ಟೆ ಒಗೆಯೋಕೆ ಯಾರೂ ಹಾಗೆ ಗಂಟು ಹಾಕಲ್ಲ. ಅದಕ್ಕೇ ಬ್ರಷ್ಷಿನ ಪುರಾಣ ಶುರು ಮಾಡಿದ್ದು, ಮಾತು ಮುಗಿಯೋವರೆಗೂ ಎದ್ದು ಹೋಗಲ್ಲ ನೀನು ಅಂತ.

ಸಂಜೆ ಬಸ್ಸಾ? ಸರಿ. ಒಳ್ಳೇದೇ. ಮಂಡಿಗೆ ಒಳ್ಳೇದು. ದಿಂಕೊ ಹತ್ರ ದೋಣಿ ಇದೆ, ಮೀನಿದೆ, ಮೆಟ್ಟಿಲಿಲ್ಲದ ಮನೆ ಇದೆ. ಹೋಗು. ನಾನೇ ಬಿಟ್ಟು ಬರ್ತೀನಿ ಬಸ್ಸಿಗೆ. ಮೊದಲು ಹಲ್ಲು ಹಾಕ್ಕೋ, ಬೊಚ್ಚು ಬಾಯಲ್ಲಿ ಬಸ್ ಹತ್ತಿದ್ರೆ ನನ್ನ ಮರ್ಯಾದೆ ಹೋಗತ್ತೆ. ತಡಿ, ಹಾಗೇ ಹಾಕ್ಕೋಬೇಡ. ತಗೋ, ಇದನ್ನ. ಪೊಟ್ಟಣ ಇನ್ನೂ ಒಡೆದಿಲ್ಲ. ಹಸಿರು ನಿನ್ನದು, ನೀಲಿ ನನ್ನದು. ನೀರು ಎಷ್ಟು ಬೇಕಾದ್ರೂ ಸುರ್ಕೋ ಇವತ್ತು. ಮೆಲ್ಲಗೆ ಉಜ್ಜು, ಬಾಣಲೆ ತಿಕ್ಕಿದ ಹಾಗೆ ಅಲ್ಲ. ಹಾಂ, ಹಾಗೆ. ಈಗ ಒದರು. ಅಲ್ಲಿ ಹೋದ್ಮೇಲೆ ನೆಟ್ಟಗೆ ನಿಲ್ಲಿಸು, ದಿಂಕೊ ಬ್ರಷ್ಷಿಗೆ ತಾಗಿಸ್ಬೇಡ. ಸಮುದ್ರದ ಪಕ್ಕದ ಮನೆ, ತೇವ ಜಾಸ್ತಿ, ಕಿಟಕಿ ಹತ್ರ ಇಡು.

ಇನ್ನೊಂದು ವಿಷಯ. ಮೂರು ತಿಂಗಳಾದ್ಮೇಲೆ ಕೂದಲು ಕೆದರತ್ತೆ. ಆಗ ಅದನ್ನ ಎಸೀಬೇಡ. ಕೇಳಿಸ್ತಾ? ಎಸೀಬೇಡ. ಆ ಹುಡುಗಿಗೆ ಹಲ್ಲು ಗೊತ್ತು, ಕಲ್ಲು ಗೊತ್ತಿಲ್ಲ. ಇಲ್ಲಿ ಕಲ್ಲು ತೊಳೆಯೋಕೆ ಒಂದೂ ಹಳೇ ಬ್ರಷ್ ಉಳಿಸಿಲ್ಲ ನಾನು. ನಿನ್ನದು ನನಗೆ ಬೇಕು. ಅಂಚೆಯಲ್ಲಿ ಕಳಿಸಿದ್ರೆ ಬಿಡಿಸ್ಕೊಳ್ಳಲ್ಲ, ಈಗಲೇ ಹೇಳಿರ್ತೀನಿ. ನೀನೇ ಹಿಡ್ಕೊಂಡು ಬಸ್ ಹತ್ತಿ ಬರ್ಬೇಕು. ಹೊಸದು ನಾನು ತೆಗೆದಿಟ್ಟಿರ್ತೀನಿ, ತಗೊಂಡು ವಾಪಸ್ ಹೋಗು.

ಮೂರು ತಿಂಗಳಿಗೊಂದ್ಸಲ, ತಪ್ಪಿಸೋ ಹಾಗಿಲ್ಲ. ಡಾಕ್ಟರು ಹೇಳಿರೋದು ಕಣೋ, ನಾನಲ್ಲ.